ಯೂನಿಟ್ ದರವೊಂದನ್ನೇ ನೋಡಿ ತೀರ್ಮಾನಿಸಬೇಡಿ

ನಮಸ್ಕಾರ. ನಿಮ್ಮ ನಗರದ ಎರಡು ವಿದ್ಯುತ್ ಕಂಪನಿಗಳಲ್ಲಿ ಒಂದರ ಯೂನಿಟ್ ದರ ಕಡಿಮೆ, ಮಾಸಿಕ ನಿಗದಿತ ಶುಲ್ಕ ಹೆಚ್ಚು. ಇನ್ನೊಂದರದು ಇದಕ್ಕೆ ತದ್ವಿರುದ್ಧ. ಇಬ್ಬರೇ ಇರುವ ಮನೆಗೆ ಯಾವುದು ಅಗ್ಗ, ಕಂಪನಿ ಬದಲಿಸಿದರೆ ಕರೆಂಟು ಪದೇ ಪದೇ ಹೋಗುವುದೇ ಎಂದು ಕೇಳಿದ್ದೀರಿ.

ಇಲ್ಲಿ ಮುಖ್ಯವಾದದ್ದು ಜನರ ಸಂಖ್ಯೆಯಲ್ಲ, ಬಳಕೆ. ಕಳೆದ 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಯೂನಿಟ್‌ಗಳ ಸರಾಸರಿ ತೆಗೆಯಿರಿ. ಒಂದೆರಡು ತಿಂಗಳ ಬಿಲ್ಲು ಸಾಲದು, ಏಕೆಂದರೆ ಚಳಿಗಾಲದ ಹೀಟರ್ ಮತ್ತು ಬೇಸಿಗೆಯ ಏಸಿ ಇಡೀ ಲೆಕ್ಕವನ್ನೇ ಬದಲಿಸಿಬಿಡುತ್ತವೆ. 2000 ವಾಟ್‌ನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಖರ್ಚಾಯಿತು. ಬಳಿಕ ನಿಗದಿತ ಶುಲ್ಕಗಳ ವ್ಯತ್ಯಾಸವನ್ನು ಯೂನಿಟ್ ದರಗಳ ವ್ಯತ್ಯಾಸದಿಂದ ಭಾಗಿಸಿ. ಉದಾಹರಣೆಗೆ, ಶುಲ್ಕದ ವ್ಯತ್ಯಾಸ 120, ದರದ ವ್ಯತ್ಯಾಸ 0.80 ಆಗಿದ್ದರೆ ಉತ್ತರ 150. ತಿಂಗಳಿಗೆ ಅದಕ್ಕಿಂತ ಕಡಿಮೆ ಯೂನಿಟ್ ಬಳಸುವವರಿಗೆ ನಿಗದಿತ ಶುಲ್ಕ ಕಡಿಮೆಯಿರುವ ಕಂಪನಿಯೇ ಲಾಭಕರ. ಬಳಕೆ ಹೆಚ್ಚಿದಂತೆ ದರ ಏರುವ ಸ್ಲ್ಯಾಬ್ ಪದ್ಧತಿಯಿದ್ದರೆ ಈ ಸುಲಭ ಸೂತ್ರ ನಡೆಯದು, ಪ್ರತಿ ತಿಂಗಳ ಲೆಕ್ಕವನ್ನೂ ಬೇರೆಯಾಗಿಯೇ ಹಾಕಬೇಕು.

ಎರಡೂ ದರಗಳಲ್ಲಿ ತೆರಿಗೆ ಸೇರಿದೆಯೇ, ಆರಂಭದ ರಿಯಾಯಿತಿ ಎಷ್ಟು ತಿಂಗಳು ಇರುತ್ತದೆ, ಅವಧಿಗೆ ಮೊದಲೇ ಬಿಟ್ಟರೆ ದಂಡವಿದೆಯೇ ಎಂಬುದನ್ನು ದಯವಿಟ್ಟು ಲಿಖಿತವಾಗಿಯೇ ಕೇಳಿ ಪಡೆಯಿರಿ. ನನ್ನ ಅನುಭವದಲ್ಲಿ ಜನ ಮೋಸಹೋಗುವುದು ಹೆಚ್ಚಾಗಿ ರಿಯಾಯಿತಿ ಮುಗಿದ ಮೇಲಿನ ದರದಲ್ಲಿ.

ಎರಡೂ ಕಂಪನಿಗಳು ಒಂದೇ ತಂತಿಜಾಲದ ಮೂಲಕ ಪೂರೈಸುತ್ತಿದ್ದರೆ ಕಡಿತದ ಭಯ ಬೇಡ. ತಂತಿ, ಟ್ರಾನ್ಸ್‌ಫಾರ್ಮರ್ ಅವೇ ಇರುತ್ತವೆ, ಬಿಲ್ಲು ಕಳಿಸುವವರು ಮಾತ್ರ ಬದಲಾಗುತ್ತಾರೆ.