ಸ್ಕೀ ಕಲಿಯೋಕೆ ಆಲ್ಪ್ಸ್‌ಗೆ: ಯಾವ ಊರು, ಯಾವ ತಿಂಗಳು?

ಪ್ರಶ್ನೆ: ನಮ್ಮದು ಕಾಫಿ ತೋಟ. ಅರೇಬಿಕಾ, ರೋಬಸ್ಟಾ ಎರಡೂ ಇದೆ. ಸ್ವಿಟ್ಜರ್‌ಲ್ಯಾಂಡ್‌ನ ಹಳೇ ಹಳ್ಳಿಯೊಂದರಲ್ಲಿ ಒಂದು ವಾರ ಉಳಿದು ಸ್ಕೀ ಕಲಿಯುವ ಆಸೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಎಪ್ಪತ್ತು ದಾಟಿದ ಅಮ್ಮ. ಅಮ್ಮ ಸ್ಕೀ ಮಾಡುವುದಿಲ್ಲ. ನಾವ್ಯಾರೂ ಹಿಮವನ್ನೇ ನೋಡಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಹೋಗಬಹುದಾ? ಎಲ್ಲಿಗೆ?
— ಬೆಳೆಗಾರ, ಮೂಡಿಗೆರೆ

ಉತ್ತರ: ಕ್ರಿಸ್‌ಮಸ್ ಬೇಡ. ಆಗ ನಿಮ್ಮಲ್ಲಿ ಅರೇಬಿಕಾ ಕೊಯ್ಲು ಜೋರಾಗಿರುತ್ತದೆ, ಅಲ್ವಾ? ಕಣದಲ್ಲಿ ಹಣ್ಣು ಹರವಿಟ್ಟು ಹೋದರೆ ಅಲ್ಲಿ ಕೂತರೂ ಮನಸ್ಸು ತೋಟದಲ್ಲೇ ಇರುತ್ತದೆ. ಆಲ್ಪ್ಸ್‌ನಲ್ಲೂ ಅದೇ ಅತಿ ದುಬಾರಿ ಸಮಯ. ಫೆಬ್ರವರಿಯಲ್ಲಿ ಯುರೋಪಿನ ಶಾಲೆಗಳಿಗೆ ರಜೆ, ಮತ್ತೆ ಜನಜಾತ್ರೆ. ಇವೆರಡರ ನಡುವೆ ಜನವರಿ ಕೊನೆಯ ವಾರ ಇದೆ ನೋಡಿ, ಅದು ನಿಮಗೆ ಹೊಂದುತ್ತದೆ. ಅರೇಬಿಕಾ ಬಹುಪಾಲು ಮುಗಿದಿರುತ್ತದೆ, ರೋಬಸ್ಟಾ ಆಗಷ್ಟೇ ಶುರು. ಮಗಳ ಶಾಲೆಗೆ ಒಂದು ವಾರ ರಜೆ ಹಾಕಿಸಬೇಕಾಗುತ್ತದೆ, ಆದರೂ ಪರವಾಗಿಲ್ಲ ಅನ್ನುತ್ತೇನೆ. ಬೇಸಿಗೆ ರಜೆಯಲ್ಲೇ ಹೋಗಬೇಕು ಅಂದರೆ ಏಪ್ರಿಲ್ ಹೊತ್ತಿಗೆ ತಗ್ಗಿನ ಊರುಗಳಲ್ಲಿ ಹಿಮ ಕರಗುತ್ತಿರುತ್ತದೆ. ಆಗ ಸ್ವಿಟ್ಜರ್‌ಲ್ಯಾಂಡ್‌ನ ಝೆರ್ಮಾಟ್‌ನಂಥ ಎತ್ತರದ ಜಾಗವೇ ಬೇಕು.

ಈಗ ಊರಿನ ವಿಷಯ. ಎಲ್ಲರೂ ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಸ್ಕೀ ದಾರಿ ಇದೆ ಅಂತ. ಮೊದಲ ವಾರ ನೀವು ಬಳಸುವುದು ಒಂದು ಸಣ್ಣ ಇಳಿಜಾರನ್ನು ಮಾತ್ರ. ನಿಮ್ಮ ಮನೆಯವರ ಲೆಕ್ಕದಲ್ಲಿ ಮುಖ್ಯ ಪ್ರಶ್ನೆ ಬೇರೆ: ನೀವು ಮೂವರು ಬೆಟ್ಟದಲ್ಲಿರುವಾಗ ಅಮ್ಮ ದಿನವಿಡೀ ಏನು ಮಾಡುತ್ತಾರೆ? ಅವರನ್ನು ಹೋಟೆಲ್ ರೂಮಿನಲ್ಲಿ ಕೂರಿಸಿದರೆ ಅದು ಅವರಿಗೆ ಪ್ರವಾಸವೇ ಅಲ್ಲ.

ಅದಕ್ಕೇ ನಾನು ವೆಂಗೆನ್ ಅನ್ನುತ್ತೇನೆ. 1,274 ಮೀಟರ್ ಎತ್ತರದ, ಮರದ ಮನೆಗಳ ಹಳ್ಳಿ. ಕಾರು ಹೋಗುವುದಿಲ್ಲ, ಕೆಳಗಿನ ಲೌಟರ್‌ಬ್ರುನೆನ್‌ನಿಂದ ರೈಲಿನಲ್ಲೇ ಹತ್ತಬೇಕು. ಹೊಸಬರು ಕಲಿಯುವ ಇಳಿಜಾರು ಊರಿನ ಮಧ್ಯದಲ್ಲೇ ಇದೆ, ಹಾಗಾಗಿ ಮೊಮ್ಮಗಳು ಕಲಿಯುವುದನ್ನು ಅಜ್ಜಿ ನಿಂತು ನೋಡಬಹುದು. ಇನ್ನೂ ಒಳ್ಳೆಯದು 1893ರಿಂದ ಓಡುತ್ತಿರುವ, ಹಳಿ ನಡುವಿನ ಹಲ್ಲುಗಳನ್ನು ಕಚ್ಚಿಕೊಂಡು ಕಡಿದಾದ ಬೆಟ್ಟ ಹತ್ತುವ ಹಲ್ಲುಗಾಲಿಯ ರೈಲು. ಅದು ಸ್ಕೀ ಮಾಡುವವರನ್ನೂ ಮಾಡದವರನ್ನೂ ಒಟ್ಟಿಗೆ 2,061 ಮೀಟರ್ ಎತ್ತರದ ಕ್ಲೈನ ಶೈಡೆಗ್‌ಗೆ ಕರೆದೊಯ್ಯುತ್ತದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಮೇಲೆ. ಅಲ್ಲಿ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳು ಎದುರಿಗೇ ನಿಲ್ಲುತ್ತವೆ. ಮಧ್ಯಾಹ್ನ ಎಲ್ಲರೂ ಅಲ್ಲೇ ಸೇರಿ ಊಟ ಮಾಡಬಹುದು. ಅಲ್ಲಿಂದ ಮೇಲೆ 3,454 ಮೀಟರ್‌ನ ಯುಂಗ್‌ಫ್ರೌಯೋಖ್ ನಿಲ್ದಾಣಕ್ಕೂ ರೈಲಿದೆ. ಆದರೆ ಅಮ್ಮನಿಗೆ ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಅಲ್ಲಿಗೆ ಹತ್ತಿಸಬೇಡಿ. ಜನವರಿ ಮಧ್ಯದಲ್ಲಿ ವೆಂಗೆನ್‌ನಲ್ಲಿ ಲೌಬರ್‌ಹಾರ್ನ್ ಅನ್ನುವ ಸ್ಕೀ ರೇಸ್ ನಡೆಯುತ್ತದೆ, 1930ರಿಂದ ಬಂದ ಸಂಪ್ರದಾಯ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಮುಗಿದ ಮೇಲೆ ಹೋಗಿ.

ಝೆರ್ಮಾಟ್ ಕೂಡ ಕಾರಿಲ್ಲದ ಊರೇ. ಅದರ ಹಳೇ ಕೇರಿಯಲ್ಲಿ ಮರದ ಕಣಜಗಳಿವೆ. ಇಲಿ ಹತ್ತದಿರಲಿ ಅಂತ ಕಂಬಗಳ ಮೇಲೆ ಚಪ್ಪಟೆ ದುಂಡುಕಲ್ಲು ಇಟ್ಟು ಅದರ ಮೇಲೆ ಕಟ್ಟಿದ್ದಾರೆ, ನೋಡಲೇಬೇಕು. ಆದರೆ ಹೊಸಬರ ಇಳಿಜಾರಿಗೆ ಊರಿಂದ ಮೇಲೆ ಹೋಗಬೇಕು, ಖರ್ಚೂ ಜಾಸ್ತಿ.

ಮೂವರೂ ಸ್ಕೀ ಶಾಲೆಗೆ ಸೇರಿ. ಗಂಡ ಹೆಂಡತಿಗೆ, ಅಪ್ಪ ಮಗಳಿಗೆ ಕಲಿಸುವ ಸಾಹಸ ಬೇಡವೇ ಬೇಡ. ಗುಂಪಿನ ಪಾಠ ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಶುರುವಾಗುತ್ತದೆ, ಅದಕ್ಕೆ ಸರಿಯಾಗಿ ಒಂದು ದಿನ ಮೊದಲೇ ತಲುಪಿ. ಮೊದಲ ದಿನವೇ ಇಡೀ ಬೆಟ್ಟದ ಲಿಫ್ಟ್‌ಗಳಿಗೆ ಹತ್ತುವ ಪಾಸ್ ಕೊಳ್ಳಬೇಡಿ. ಹೊಸಬರ ಇಳಿಜಾರಿಗೆ ಸಾಮಾನ್ಯವಾಗಿ ಕಮ್ಮಿ ದರದ ಬೇರೆ ಟಿಕೆಟ್ ಇರುತ್ತದೆ.

ಸ್ಕೀ, ಬೂಟು, ಹೆಲ್ಮೆಟ್ ಎಲ್ಲ ಅಲ್ಲೇ ಬಾಡಿಗೆಗೆ ತಗೊಳ್ಳಿ. ಬೂಟು ಬಿಗಿಯಾಗಿರಬೇಕು. ನೆಟ್ಟಗೆ ನಿಂತಾಗ ಬೆರಳು ಮುಂದೆ ಸ್ವಲ್ಪ ತಾಗಿ, ಮಂಡಿ ಬಗ್ಗಿಸಿದಾಗ ಹಿಂದೆ ಸರಿದರೆ ಅಳತೆ ಸರಿ. ಚಳಿ ಅಂತ ಎರಡು ಕಾಲುಚೀಲ ಹಾಕಬೇಡಿ, ಒಂದೇ ಸಾಕು. ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದರೆ ನಿಜ ಹೇಳಿ, ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳುವಂತೆ ಅವರು ಬಿಗಿ ಹೊಂದಿಸುವುದು ಅದರ ಮೇಲೆಯೇ. ಜೀನ್ಸ್ ಬೇಡ, ಒದ್ದೆಯಾದರೆ ಮುಗೀತು. ಸನ್‌ಸ್ಕ್ರೀನ್ ಮರೆಯಬೇಡಿ, ಹಿಮದಿಂದ ಬಿಸಿಲು ತಿರುಗಿ ಮುಖಕ್ಕೇ ಹೊಡೆಯುತ್ತದೆ. ಅಮ್ಮನಿಗೆ ಬೂಟಿನಡಿ ಹಾಕುವ ಮುಳ್ಳುಪಟ್ಟಿ ತಪ್ಪದೆ ಕೊಡಿಸಿ, ಓಣಿಗಳು ಜಾರುತ್ತವೆ.

ವೀಸಾಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಷೆಂಗೆನ್ (ಸ್ವಿಟ್ಜರ್‌ಲ್ಯಾಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ವ್ಯವಸ್ಥೆ) ನಿಯಮದಂತೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಬೇಕು. ಆ ಮಾಮೂಲಿ ವಿಮೆಯಲ್ಲಿ ಸ್ಕೀ ಅಪಘಾತ ಸೇರಿರದಿರಬಹುದು. ಚಳಿಗಾಲದ ಆಟ, ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು ಎರಡೂ ಸೇರಿವೆಯಾ ಅಂತ ಪಾಲಿಸಿ ಓದಿಯೇ ದುಡ್ಡು ಕಟ್ಟಿ. ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ವೆಂಗೆನ್‌ವರೆಗಿನ ರೈಲು ಸೇರಿದೆ, ಮಗಳಿಗೆ ನಿಮ್ಮ ಜೊತೆ ಉಚಿತ.

ಪ್ರಶ್ನೆ: ನಾವಿಬ್ಬರೂ ಕೆಲಸದಲ್ಲಿದ್ದೇವೆ, ಬಜೆಟ್ ಕಮ್ಮಿ. ಸ್ಕೀ ಕಲಿಯೋಕೆ ಆಲ್ಪ್ಸ್‌ಗೇ ಹೋಗಬೇಕಾ?
— ದಂಪತಿ, ಹಾಸನ

ಉತ್ತರ: ಖಂಡಿತ ಬೇಡ. ಕಾಶ್ಮೀರದ ಗುಲ್ಮಾರ್ಗ್ ಅಥವಾ ಉತ್ತರಾಖಂಡದ ಔಲಿಗೆ ಹೋಗಿ, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ. ಆದರೆ ಗುಲ್ಮಾರ್ಗ್‌ನಲ್ಲಿ ಗೊಂಡೊಲಾದ (ತಂತಿಯ ಮೇಲೆ ಓಡುವ ಕೇಬಲ್ ಕಾರು) ಮೇಲಿನ ಹಂತದಿಂದ ಸ್ಕೀ ಮಾಡಲು ಹೋಗಬೇಡಿ. ಅದು ಪಳಗಿದವರ ಜಾಗ, ಹಿಮಕುಸಿತದ ಭಯವೂ ಇದೆ. ಕಲಿಯುವವರಿಗೆ ಕೆಳಗಿನ ಬಯಲೇ ಸಾಕು. ಅಲ್ಲಿ ಇಷ್ಟವಾದರೆ ಆಮೇಲೆ ಆಲ್ಪ್ಸ್‌ಗೆ ದುಡ್ಡು ಕೂಡಿಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಆಲ್ಪ್ಸ್ ಹಳ್ಳಿಯಲ್ಲಿ ಊಟದ ಕಥೆ ಏನು?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಫ್ಲಾಟ್ ಹಿಡಿಯಿರಿ. ಆಲೂಗಡ್ಡೆಯ ರೋಷ್ಟಿ ಎಲ್ಲ ಕಡೆ ಸಿಗುತ್ತದೆ, ಅದರಲ್ಲಿ ಹಂದಿಮಾಂಸದ ಚೂರು ಬೇಡ ಅಂತ ಮೊದಲೇ ಹೇಳಿ. ಬ್ರೆಡ್ ಅದ್ದಿಕೊಂಡು ತಿನ್ನುವ ಕರಗಿಸಿದ ಚೀಸ್, ಅಂದರೆ ಚೀಸ್ ಫಾಂಡ್ಯೂಗೆ ವೈನ್ ಹಾಕುತ್ತಾರೆ. ಅದಕ್ಕೆ ಬಳಸುವ ಗ್ರುಯೇರ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುವುದು, ನೀವು ತುಂಬಾ ಕಟ್ಟುನಿಟ್ಟಾದರೆ ಇದು ಗೊತ್ತಿರಲಿ. ಅಕ್ಕಿ, ಸಾರಿನ ಪುಡಿ, ಚಟ್ನಿಪುಡಿ ಕಟ್ಟಿಕೊಳ್ಳಿ. ತುಪ್ಪ, ಹಾಲಿನಪುಡಿ ಬೇಡ, ನಮ್ಮ ದೇಶದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಬಿಡುವುದಿಲ್ಲ. ಬೆಣ್ಣೆ ಅಲ್ಲೇ ತಗೊಂಡು ಕಾಯಿಸಿಕೊಳ್ಳಿ, ತುಂಬಾ ಚೆನ್ನಾಗಿರುತ್ತದೆ.