ಹತ್ತರಲ್ಲಿ ಒಂಬತ್ತು ಜನರ ಮಾತು, ಒಬ್ಬನ ಓಟು

ಓದುಗರ ಪತ್ರ: "ಅಮೆರಿಕದ ಶಾಲೆಗಳಲ್ಲಿ ಮತ್ತೆ ಮತ್ತೆ ಗುಂಡು ಹಾರುತ್ತದೆ, ಮಕ್ಕಳು ಸಾಯುತ್ತಾರೆ. ಎರಡು ವಾರ ಗಲಾಟೆ, ಆಮೇಲೆ ಎಲ್ಲ ತಣ್ಣಗೆ. ಹತ್ತರಲ್ಲಿ ಒಂಬತ್ತು ಜನ ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ಬಿಗಿಯಾಗಲಿ ಅನ್ನುತ್ತಾರಂತೆ. ಆದರೂ ಆಗುವುದಿಲ್ಲ ಅಂದರೆ ಬಂದೂಕು ಕಂಪನಿಗಳ ದುಡ್ಡೇ ಕಾರಣ ಅಲ್ವಾ? ನಮ್ಮ ಕೊಡಗಿನಲ್ಲೂ ಮನೆಯಲ್ಲಿ ಕೋವಿ ಇಟ್ಟುಕೊಳ್ಳುತ್ತೇವೆ. ಇಲ್ಲಿ ಇಂಥದ್ದು ನಡೆದಿಲ್ಲವಲ್ಲ?"
– ಸೋಮವಾರಪೇಟೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ನಮಸ್ಕಾರ. ದುಡ್ಡು ಕೆಲಸ ಮಾಡುವುದಿಲ್ಲ ಅಂತಲ್ಲ. ಆದರೆ ಎಲ್ಲವನ್ನೂ ದುಡ್ಡಿನ ತಲೆಗೆ ಕಟ್ಟಿದರೆ ಲೆಕ್ಕ ಸರಿಹೋಗುವುದಿಲ್ಲ. ಕೊಲರಾಡೊದಲ್ಲಿ ಏನಾಯಿತು ನೋಡಿ.

2012ರ ಜುಲೈಯಲ್ಲಿ ಆ ರಾಜ್ಯದ ಅರೋರಾದಲ್ಲಿ ಒಬ್ಬ ಸಿನಿಮಾ ಮಂದಿರಕ್ಕೆ ನುಗ್ಗಿ 12 ಜನರನ್ನು ಕೊಂದ. ಮರುವರ್ಷ ರಾಜ್ಯದ ಶಾಸಕರು ಕಾನೂನು ತಂದರು. ಮ್ಯಾಗಜೀನ್‌ನಲ್ಲಿ (ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) 15ಕ್ಕಿಂತ ಜಾಸ್ತಿ ಗುಂಡು ಹಿಡಿಯಬಾರದು, ಖಾಸಗಿಯಾಗಿ ಮಾರಿದರೂ ಕೊಳ್ಳುವವನ ತಪಾಸಣೆ ಆಗಬೇಕು. ಅಲ್ಲಿ ಮತದಾರರು ಸಹಿ ಸಂಗ್ರಹಿಸಿ, ಶಾಸಕರನ್ನು ಅವಧಿ ಮುಗಿಯುವ ಮೊದಲೇ ಕೆಳಗಿಳಿಸಲು ಮತದಾನ ಕೇಳಬಹುದು. ಕೇಳಿಯೇಬಿಟ್ಟರು. 2013ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸೆನೆಟ್‌ನ ಅಧ್ಯಕ್ಷ ಜಾನ್ ಮೋರ್ಸ್ ಕೆಲವೇ ನೂರು ಮತಗಳಿಂದ ಕುರ್ಚಿ ಕಳೆದುಕೊಂಡರು. ಅವರು ಹಿಂದೆ ಪೊಲೀಸ್ ಆಗಿದ್ದವರು. ಜೊತೆಗೆ ಇನ್ನೊಬ್ಬ ಸೆನೆಟರ್ ಏಂಜೆಲಾ ಹಿರೋನ್ ಕೂಡ ಹೋದರು. ಮೂರನೆಯ ಸೆನೆಟರ್ ಒಬ್ಬರು ಇದೇ ಗತಿ ಬೇಡವೆಂದು ತಾವೇ ರಾಜೀನಾಮೆ ಕೊಟ್ಟರು.

ಇವರು ದುಡ್ಡಿಲ್ಲದೆ ಸೋತವರಲ್ಲ. ಆಗ ನ್ಯೂಯಾರ್ಕ್ ಮೇಯರ್ ಆಗಿದ್ದ ಮೈಕೆಲ್ ಬ್ಲೂಮ್‌ಬರ್ಗ್ ಒಬ್ಬರೇ ಮೂರೂವರೆ ಲಕ್ಷ ಡಾಲರ್ ಕೊಟ್ಟಿದ್ದರು. ಒಟ್ಟಾರೆ ಇವರ ಕಡೆಯ ಹಣ ಎದುರು ಕಡೆಗಿಂತ ಹಲವು ಪಟ್ಟು ಜಾಸ್ತಿ. ಆದರೆ ಅದು ನಡುವೆ ಬಂದ ಚುನಾವಣೆ, ಮತಗಟ್ಟೆಗೆ ಬಂದವರು ಕಡಿಮೆ. ಬಂದೂಕಿನ ಸಿಟ್ಟು ಹೊತ್ತವರು ತಪ್ಪದೆ ಬಂದರು. ಕಾನೂನು ಚೆನ್ನಾಗಿದೆ ಅಂದವರಲ್ಲಿ ಬಹಳ ಮಂದಿ ಮನೆಯಲ್ಲೇ ಉಳಿದರು. ಮುಂದಿನ ವರ್ಷದ ಸಾಮಾನ್ಯ ಚುನಾವಣೆಯಲ್ಲಿ ಎರಡೂ ಸ್ಥಾನ ಮತ್ತೆ ಇವರ ಪಕ್ಷವಾದ ಡೆಮಾಕ್ರಾಟರಿಗೇ ಸಿಕ್ಕವು. ಆದರೆ ಉಳಿದ ರಾಜ್ಯಗಳ ರಾಜಕಾರಣಿಗಳು ನೆನಪಿಟ್ಟುಕೊಂಡದ್ದು ಮೋರ್ಸ್ ಸೋಲನ್ನು.

ಗಂಟು ಇರುವುದು ಇಲ್ಲೇ. ಸಮೀಕ್ಷೆಯವರು ಫೋನ್ ಮಾಡಿ "ತಪಾಸಣೆ ಬೇಕಾ?" ಅಂದರೆ ಒಂಬತ್ತು ಮಂದಿ ಹೂಂ ಅನ್ನುತ್ತಾರೆ. ಓಟಿನ ದಿನ ಅವರ ತಲೆಯಲ್ಲಿ ಕೆಲಸ, ತೆರಿಗೆ, ಆಸ್ಪತ್ರೆ ಬಿಲ್ಲು, ಹತ್ತಾರು ಚಿಂತೆ. ಹಟ ಹಿಡಿದ ಆ ಹತ್ತನೆಯವನಿಗೆ ಇದೊಂದೇ. ತನ್ನದೇ ಪಕ್ಷದವನಾದರೂ ಸರಿ, ಬಂದೂಕಿನ ತಂಟೆಗೆ ಬಂದವನನ್ನು ಮನೆಗೆ ಕಳಿಸುತ್ತಾನೆ. ರಾಜಕಾರಣಿ ಯಾರಿಗೆ ಹೆದರುತ್ತಾನೆ, ನೀವೇ ಹೇಳಿ.

ಇನ್ನು ನ್ಯಾಷನಲ್ ರೈಫಲ್ ಅಸೋಸಿಯೇಷನ್. ಅದು ಕಂಪನಿಯಲ್ಲ, ಬಂದೂಕಿನ ಹಕ್ಕಿಗಾಗಿ ನಿಂತ ಲಕ್ಷಾಂತರ ಸದಸ್ಯರ ಸಂಘ. ಅದರ ಬಲ ಕೂಡ ಮೊದಲಿನಷ್ಟಿಲ್ಲ. 2021ರಲ್ಲಿ ದಿವಾಳಿ ಅರ್ಜಿ ಹಾಕಿತು, ಕೋರ್ಟು ತಳ್ಳಿಹಾಕಿತು. ಮೂರು ದಶಕ ಅದನ್ನು ಆಳಿದ ವೇಯ್ನ್ ಲಾಪಿಯರ್ 2024ರಲ್ಲಿ ಇಳಿದುಹೋದರು. ಸಂಘದ ದುಡ್ಡನ್ನು ದುರುಪಯೋಗ ಮಾಡಿದ್ದಾರೆಂದು ಅದೇ ವರ್ಷ ನ್ಯೂಯಾರ್ಕಿನ ಜ್ಯೂರಿ ತೀರ್ಪು ಕೊಟ್ಟಿತು. ಸಂಘ ಸೊರಗಿತು, ಆ ಓಟು ಸೊರಗಲಿಲ್ಲ.

ಇದರ ಮೇಲೆ ಕೇಂದ್ರದ ಮೇಲ್ಮನೆಯಾದ ಸೆನೆಟ್‌ನ ಲೆಕ್ಕ ಬೇರೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ದೊಡ್ಡವರು ಸತ್ತರು. ನಾಲ್ಕು ತಿಂಗಳ ನಂತರ ಸೆನೆಟ್‌ಗೆ ಪ್ರಸ್ತಾಪ ಬಂತು. ತಂದವರಿಬ್ಬರೂ ಬಂದೂಕಿನ ಪರ ಎಂದೇ ಹೆಸರಾದವರು: ಡೆಮಾಕ್ರಾಟ್ ಜೋ ಮ್ಯಾಂಚಿನ್, ರಿಪಬ್ಲಿಕನ್ ಪ್ಯಾಟ್ ಟೂಮಿ. (ಮ್ಯಾಂಚಿನ್ 2010ರ ಚುನಾವಣಾ ಜಾಹೀರಾತಿನಲ್ಲಿ ತಮಗೆ ಹಿಡಿಸದ ಮಸೂದೆಯ ಪ್ರತಿಗೆ ರೈಫಲ್‌ನಿಂದ ಗುಂಡು ಹೊಡೆದು ತೋರಿಸಿದ್ದರು!) ಕೇಳಿದ್ದು ಇಷ್ಟೇ: ಅಂಗಡಿಯಲ್ಲಿ ಆಗುವ ತಪಾಸಣೆ ಬಂದೂಕು ಮೇಳದಲ್ಲೂ ಇಂಟರ್ನೆಟ್ ಮಾರಾಟದಲ್ಲೂ ಆಗಲಿ. ಪರವಾಗಿ 54, ವಿರುದ್ಧ 46. ವಿರೋಧಿಗಳ ತಡೆ ದಾಟಿ ಮುಂದೆ ಹೋಗಲು ಅಲ್ಲಿ ಬೇಕಿದ್ದದ್ದು 60, ಬಿದ್ದುಹೋಯಿತು. ಗ್ಯಾಲರಿಯಿಂದ ಒಬ್ಬ ಮಹಿಳೆ "ನಾಚಿಕೆಯಾಗಬೇಕು ನಿಮಗೆ" ಎಂದು ಕೂಗಿದರು. 2011ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಗುಂಡು ಹಾರಿಸುತ್ತಿದ್ದವನ ಕೈಗೆ ಹೊಸ ಮ್ಯಾಗಜೀನ್ ಸಿಗದಂತೆ ಕಿತ್ತುಕೊಂಡಿದ್ದವರು ಅವರು.

ವಯೋಮಿಂಗ್‌ನಲ್ಲಿ 6 ಲಕ್ಷಕ್ಕೂ ಕಡಿಮೆ ಜನ, ಕ್ಯಾಲಿಫೋರ್ನಿಯಾದಲ್ಲಿ ಸುಮಾರು 3.9 ಕೋಟಿ. ಸೆನೆಟ್‌ನಲ್ಲಿ ಎರಡಕ್ಕೂ ಎರಡೆರಡೇ ಸ್ಥಾನ. ಬಂದೂಕು ಬಿಡಲೊಲ್ಲದ ಸಣ್ಣ ರಾಜ್ಯದ ಮಾತಿಗೂ ಅಲ್ಲಿ ದೊಡ್ಡ ರಾಜ್ಯದಷ್ಟೇ ತೂಕ.

ಆದರೆ ಎಲ್ಲ ತಣ್ಣಗಾಗುತ್ತದೆ ಎಂದಿರಲ್ಲ, ಅದು ಪೂರ್ತಿ ನಿಜವಲ್ಲ. 2018ರ ಫೆಬ್ರವರಿಯಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತರು. ಅಲ್ಲಿಯ ಮಕ್ಕಳು ಬೀದಿಗಿಳಿದರು. ತಿಂಗಳೊಳಗೆ ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್ ಅವರೇ, ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸುವ ಕಾನೂನಿಗೆ ಸಹಿ ಹಾಕಿದರು. ರೈಫಲ್ ಸಂಘ ಅದೇ ದಿನ ಕೋರ್ಟಿಗೆ ಹೋಯಿತು. 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ ಕೇಂದ್ರದಲ್ಲೂ ಒಂದು ಕಾನೂನು ಬಂತು. ದೊಡ್ಡದೇನಲ್ಲ. 21 ತುಂಬದವರಿಗೆ ತಪಾಸಣೆ ಬಿಗಿಯಾಯಿತು, ಅಪಾಯಕಾರಿ ಎನಿಸಿದವರಿಂದ ಬಂದೂಕು ವಾಪಸ್ ಪಡೆಯುವ ರಾಜ್ಯಗಳಿಗೆ ಹಣ ಸಿಕ್ಕಿತು. ಇಷ್ಟಕ್ಕೇ ಮಾತುಕತೆ ನಡೆಸಿದ ರಿಪಬ್ಲಿಕನ್ ಸೆನೆಟರ್ ಜಾನ್ ಕಾರ್ನಿನ್ ಅವರನ್ನು ಟೆಕ್ಸಾಸ್‌ನ ಸ್ವಂತ ಪಕ್ಷದ ಸಮಾವೇಶದಲ್ಲೇ ಜನ ಭಾಷಣದುದ್ದಕ್ಕೂ ಕೂಗಾಡಿ ಅಣಕಿಸಿದರು. ಸೆನೆಟ್ ಆ ಮಸೂದೆ ಪಾಸು ಮಾಡಿದ ದಿನವೇ ಸುಪ್ರೀಂ ಕೋರ್ಟು ಮನೆಯಾಚೆ ಬಂದೂಕು ಒಯ್ಯುವುದೂ ಸಂವಿಧಾನದ ಹಕ್ಕು ಎಂದಿತು.

ಕೊಡಗಿನ ಮಾತಿಗೆ ಬರೋಣ. ಆಸ್ತಿ ಜಗಳದಲ್ಲಿ ಕೋವಿ ಎತ್ತಿದ ಸುದ್ದಿ ನಿಮ್ಮ ಕಡೆಯಿಂದಲೂ ಬರುತ್ತದೆ, ಅದನ್ನು ಮರೆಯುವುದು ಬೇಡ. ಆದರೆ ಕೈಲ್ ಮುಹೂರ್ತದಲ್ಲಿ ಪೂಜೆ ಮಾಡಿಸಿಕೊಳ್ಳುವ ಕೋವಿಗೂ ಅಂಗಡಿಯಿಂದ ಹದಿನೆಂಟರ ಹುಡುಗ ತರುವ, ಸೇನೆಯ ಮಾದರಿಯ ಎಆರ್-15 ರೈಫಲಿಗೂ ಹೋಲಿಕೆ ಇಲ್ಲ. ಕಾನೂನಿನಲ್ಲೂ ವ್ಯತ್ಯಾಸವಿದೆ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿಯ) ಹಿಡುವಳಿದಾರರಿಗೆ ಲೈಸೆನ್ಸ್ ಬೇಡ ಅನ್ನುವುದು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೊಟ್ಟದ್ದು ಸರ್ಕಾರ, ಅವಧಿ ಹಾಕಿದ್ದೂ ಸರ್ಕಾರವೇ. ನಮ್ಮಲ್ಲಿ ಚುನಾವಣೆ ಬಂದರೆ ಮಲೆನಾಡಿನ ಲೈಸೆನ್ಸುದಾರ ಬೆಳೆಗಾರರಿಗೆ ಕೋವಿಯನ್ನು ಠಾಣೆಯಲ್ಲಿಡಿ ಎಂಬ ಸೂಚನೆ ಬರುತ್ತದೆ. ತೋಟದಲ್ಲಿ ಆನೆ, ಹಂದಿ ಕಾಟ ಇದ್ದರೂ ಗೊಣಗಿಕೊಂಡು ಕೊಟ್ಟು ಬರುವವರೇ ಜಾಸ್ತಿ. ಟೆಕ್ಸಾಸ್‌ನಲ್ಲಿ ಒಬ್ಬ ಶೆರಿಫ್ ಇದೇ ಮಾತು ಹೇಳಿ ನೋಡಲಿ. ಮರುದಿನವೇ ಕೋರ್ಟಿಗೆ ಎಳೆಯುತ್ತಾರೆ, ಗೆಲ್ಲುತ್ತಾರೆ ಕೂಡ.