ಕನ್ನಡಕ ಮನೆಯಲ್ಲೇ ಮರೆತು ಬಂದವರು

ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ಯುರೋಪಿನ ವಯಸ್ಕರ ಶಿಕ್ಷಣದ ಬಗ್ಗೆ ನೀವು ಪ್ರಕಟಿಸುತ್ತಿರುವ ಲೇಖನಮಾಲೆ ಯಾರಿಗಾಗಿ? ಕಡ್ಡಾಯ ಶಿಕ್ಷಣ ಎಂದೋ ಬಂದಿರುವ ದೇಶಗಳಲ್ಲಿ ಓದು ಬಾರದವರು ಎಲ್ಲಿರುತ್ತಾರೆ? ಇದ್ದರೂ ವಲಸೆ ಬಂದವರಿರಬೇಕು. 1979ರ ಜುಲೈಯಲ್ಲಿ ನಾನೂ ಊರಿನಲ್ಲಿ ರಾತ್ರಿ ಶಾಲೆ ತೆರೆದಿದ್ದೆ. ಮೊದಲ ದಿನ ಇಪ್ಪತ್ತಾರು ಜನ, ಮೂರನೇ ವಾರಕ್ಕೆ ನಾಲ್ವರು. ಹಾಜರಿ ಪುಸ್ತಕ ಇನ್ನೂ ನನ್ನ ಬಳಿ ಇದೆ. ಕಲಿಯುವ ಆಸಕ್ತಿಯೇ ಇಲ್ಲದವರಿಗೆ ಯಾರೇನು ಮಾಡಲು ಸಾಧ್ಯ?"

ಮಾನ್ಯ ಮೇಷ್ಟ್ರೇ,

ನಿಮ್ಮ ಮೊದಲ ಪ್ರಶ್ನೆಗೆ ಜರ್ಮನಿಯೇ ಉತ್ತರ ಕೊಟ್ಟಿದೆ. ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು 2018ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಅಲ್ಲಿ 18ರಿಂದ 64 ವರ್ಷದೊಳಗಿನ ಸುಮಾರು 62 ಲಕ್ಷ ಜನರಿಗೆ ಒಂದೊಂದು ಸರಳ ವಾಕ್ಯದಿಂದಾಚೆಗೆ ಓದಿ ಬರೆಯುವುದು ಕಷ್ಟ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಮಾತು ಜರ್ಮನ್. ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ದುಡಿಯುತ್ತಿರುವವರು. ಮುಕ್ಕಾಲು ಪಾಲು ಜನ ಶಾಲೆ ಮುಗಿಸಿದ ಪ್ರಮಾಣಪತ್ರ ಇಟ್ಟುಕೊಂಡವರು! ಶಾಲೆಗೆ ಹೋಗಿಯೂ ಅಕ್ಷರ ಕೈಗೆ ಹತ್ತದವರು ನಿಮ್ಮ ತರಗತಿಯಲ್ಲೂ ಇದ್ದಿರಬೇಕು. ಅವರು ಬೆಳೆದು ಸಂಸಾರ ಹೂಡಿದ ಮೇಲೆ ನಾವು ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವರು ಕಣ್ಣಿಗೆ ಬೀಳದಿರುವುದಕ್ಕೆ ಮುಖ್ಯ ಕಾರಣ ನಾಚಿಕೆ. ಫಾರಂ ತುಂಬುವ ಹೊತ್ತಿಗೆ "ಕನ್ನಡಕ ಮರೆತು ಬಂದೆ" ಎನ್ನುವ ನೆಪ ಜರ್ಮನಿಯ ವಯಸ್ಕರ ಶಿಕ್ಷಕರಿಗೆ ಚಿರಪರಿಚಿತ. ಅದನ್ನು ಓದಿದಾಗ ನನಗೆ ನನ್ನ ಸೋದರಮಾವ ನೆನಪಾದರು. ಬ್ಯಾಂಕಿಗೆ ಹೋಗುವಾಗಲೆಲ್ಲ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಕೌಂಟರಿನ ಮುಂದೆ ನಿಂತು ಅಂಗಿಯ ಜೇಬು ತಡವಿ, "ಅಯ್ಯೋ, ಕನ್ನಡಕ ಮನೆಯಲ್ಲೇ ಉಳಿಯಿತು, ನೀನೇ ಬರೆದುಬಿಡು ಮಗು" ಎನ್ನುತ್ತಿದ್ದರು. ಅವರಿಗೆ ಕನ್ನಡಕವೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಹೈಸ್ಕೂಲಿಗೆ ಬಂದ ಮೇಲೆ. ಸಹಿಯ ಮೂರು ಅಕ್ಷರಗಳನ್ನು ಅವರು ಎಷ್ಟು ಒತ್ತಿ ಬರೆಯುತ್ತಿದ್ದರೆಂದರೆ, ಚಲನ್ನಿನ ಅಡಿಯಲ್ಲಿದ್ದ ಮುಂದಿನ ಮೂರು ಹಾಳೆಗಳಲ್ಲೂ ಅದರ ಗೆರೆ ಬಿದ್ದಿರುತ್ತಿತ್ತು. ಅವರಿಗೆ ಆಸಕ್ತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನು ನಿಮ್ಮ ಇಪ್ಪತ್ತಾರು ಜನರ ವಿಷಯ. ಮೇಷ್ಟ್ರೇ, ಜುಲೈ ಎಂದರೆ ನಿಮ್ಮ ಕಡೆ ನಾಟಿಯ ಕಾಲವಲ್ಲವೇ? ಹಗಲೆಲ್ಲ ಕೆಸರುಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು ರಾತ್ರಿ ಲಾಟೀನಿನ ಮುಂದೆ ಎಷ್ಟು ದಿನ ಕಣ್ಣು ತೆರೆದು ಕೂರಬಲ್ಲರು? ಡೆನ್ಮಾರ್ಕಿನವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಗ್ರುಂಡ್ಟ್‌ವಿಗ್ ಎಂಬ ಪಾದ್ರಿ, ಕವಿಯ ವಿಚಾರಗಳಿಂದ ಪ್ರೇರಣೆ ಪಡೆದು 1844ರಲ್ಲಿ ರಡ್ಡಿಂಗ್ ಎಂಬಲ್ಲಿ ಮೊದಲ ಜನತಾ ಪ್ರೌಢಶಾಲೆ, ಅಂದರೆ ವಯಸ್ಕರು ಅಲ್ಲೇ ಉಳಿದು ಕಲಿಯುವ ಶಾಲೆ, ಆರಂಭವಾಯಿತು. ಇಂಥ ಶಾಲೆಗಳಿಗೆ ರೈತರ ಮಕ್ಕಳು ಬರುತ್ತಿದ್ದದ್ದು ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದಲ್ಲಿ. ಯುವತಿಯರಿಗೆ ಬೇಸಿಗೆಯಲ್ಲಿ ತರಗತಿಗಳು ನಡೆಯುತ್ತಿದ್ದವು. ಪರೀಕ್ಷೆ ಇರಲಿಲ್ಲ. ಶಿಕ್ಷಕರೂ ಕಲಿಯುವವರೂ ಒಂದೇ ಸೂರಿನಡಿ ಇದ್ದು, ಒಟ್ಟಿಗೆ ಉಂಡು, ಹಾಡಿ, ಮಾತಾಡಿ ಕಲಿಯುತ್ತಿದ್ದರು. ನಮ್ಮ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದಾಗ ಕಣ್ಣ ಮುಂದಿಟ್ಟುಕೊಂಡದ್ದು ಇದೇ ಡ್ಯಾನಿಶ್ ಮಾದರಿಯನ್ನು. ಈ ಲೇಖನಮಾಲೆ ಯಾರಿಗಾಗಿ ಎಂದು ಕೇಳಿದಿರಲ್ಲ, ಆ ನಂಟು ಹಳೆಯದು.

ಕಾರ್ಖಾನೆಯವರಿಗೆ ಚಳಿಗಾಲದ ಬಿಡುವು ಎಲ್ಲಿಂದ ಬರಬೇಕು? ಇಟಲಿಯ ಲೋಹ ಕಾರ್ಮಿಕರು ಅದನ್ನು ಹೋರಾಡಿಯೇ ಪಡೆದರು. 1973ರ ಅವರ ವೇತನ ಒಪ್ಪಂದದಲ್ಲಿ ಮೂರು ವರ್ಷಕ್ಕೆ 150 ಗಂಟೆಗಳ ಸಂಬಳಸಹಿತ ಕಲಿಕೆಯ ಹಕ್ಕು ಸೇರಿತು. ಕಾರ್ಮಿಕ ತನ್ನ ಬಿಡುವಿನಿಂದಲೂ ಅಷ್ಟೇ ಗಂಟೆಗಳನ್ನು ಕೊಡಬೇಕಿತ್ತು. ನನಗೆ ಬಹಳ ಹಿಡಿಸಿದ್ದು ಮತ್ತೊಂದು: ಕಲಿಕೆ ಕಾರ್ಖಾನೆಯ ಕೆಲಸಕ್ಕೇ ಉಪಯೋಗವಾಗಬೇಕು ಎಂಬ ಕಟ್ಟಳೆ ಅದರಲ್ಲಿರಲಿಲ್ಲ. ಎಳೆತನದಲ್ಲೇ ಶಾಲೆ ಬಿಟ್ಟಿದ್ದ ಎಷ್ಟೋ ಮಂದಿ ಮಾಧ್ಯಮಿಕ ಶಾಲೆಯ ಪ್ರಮಾಣಪತ್ರ ಪಡೆದದ್ದು ಈ ಗಂಟೆಗಳಿಂದ. ಮುಂದೆ ಗೃಹಿಣಿಯರೂ ಆ ತರಗತಿಗಳಿಗೆ ಬಂದು ಕುಳಿತರು.

ಪೋರ್ಚುಗಲ್‌ನ ದಾರಿ ಬೇರೆ. 1974ರವರೆಗೆ ಸರ್ವಾಧಿಕಾರವಿದ್ದ ಆ ದೇಶದಲ್ಲಿ ನಾಲ್ಕನೇ ತರಗತಿಗೇ ಓದು ಬಿಟ್ಟವರ ಒಂದು ದೊಡ್ಡ ತಲೆಮಾರೇ ಇತ್ತು. ಅಲ್ಲಿ ವಯಸ್ಕರು ತಮ್ಮ ಬದುಕನ್ನೇ ಬರೆದು ತರುತ್ತಾರೆ. ಏನು ಕೆಲಸ ಮಾಡಿದೆ, ಯಾವ ಲೆಕ್ಕ ಇಟ್ಟೆ, ಯಾವ ಯಂತ್ರ ಸರಿಪಡಿಸಿದೆ ಎಂಬುದೆಲ್ಲ ಒಂದು ಕಡತದಲ್ಲಿ ಸೇರುತ್ತದೆ. ಮಾರ್ಗದರ್ಶಕರು ಅದನ್ನು ಅವರ ಜೊತೆಗೆ ಕುಳಿತು ನೋಡಿ, ಈಗಾಗಲೇ ಬರುವುದಕ್ಕೆ ಮಾನ್ಯತೆ ಕೊಟ್ಟು, ಕೊರತೆ ಇದ್ದುದನ್ನು ಮಾತ್ರ ಕಲಿಸುತ್ತಾರೆ. 2005ರ ನಂತರ ಇದು ದೊಡ್ಡ ಆಂದೋಲನವಾಯಿತು. ಆರ್ಥಿಕ ಬಿಕ್ಕಟ್ಟಿನಲ್ಲಿ ಸೊರಗಿ, ಈಗ ಕ್ವಾಲಿಫಿಕಾ ಎಂಬ ಹೆಸರಿನಲ್ಲಿ ಮತ್ತೆ ನಡೆಯುತ್ತಿದೆ. ಐವತ್ತು ವರ್ಷದವರನ್ನು ಮಗುವಿನಂತೆ ಒಂದನೇ ಪಾಠದಿಂದ ಕೂರಿಸದಿರುವುದು ಎಂಥ ಮರ್ಯಾದೆ!

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. 2030ರ ವೇಳೆಗೆ ವರ್ಷವರ್ಷವೂ ನೂರರಲ್ಲಿ ಅರವತ್ತು ವಯಸ್ಕರು ಏನಾದರೊಂದು ಕಲಿಯಬೇಕು ಎಂದು ಯುರೋಪಿನ ಒಕ್ಕೂಟ ಗುರಿ ಇಟ್ಟುಕೊಂಡಿದೆ. ಆದರೆ ಇಂಥ ತರಬೇತಿಗಳ ಲಾಭ ಹೆಚ್ಚಾಗಿ ಸಿಗುತ್ತಿರುವುದು ಈಗಾಗಲೇ ಚೆನ್ನಾಗಿ ಓದಿದವರಿಗೆ. ಉಂಡವರ ಎಲೆಗೇ ಮತ್ತೆ ಬಡಿಸಿದಂತೆ. ಕಡಿಮೆ ಓದಿದವರು, ಹಳ್ಳಿಯವರು, ಚಿಕ್ಕ ಮಕ್ಕಳಿರುವ ತಾಯಂದಿರು ಅಲ್ಲೂ ಹಿಂದೆ ಉಳಿಯುತ್ತಾರೆ. ಲೇಖನಮಾಲೆಯ ಮುಂದಿನ ಕಂತುಗಳಲ್ಲಿ ಇದನ್ನೇ ವಿವರವಾಗಿ ಬರೆಯಿಸುತ್ತಿದ್ದೇನೆ. ಆದ್ದರಿಂದ ಅದನ್ನು ನಿಲ್ಲಿಸಲಾರೆ, ಕ್ಷಮಿಸಿ.

ನಿಮ್ಮಲ್ಲಿ ಒಂದು ವಿನಂತಿ. ಆ ಹಾಜರಿ ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಿ. ಯಾರು ಯಾವ ದಿನದಿಂದ ಬರುವುದನ್ನು ಬಿಟ್ಟರು, ಅಂದು ಯಾರ ಗದ್ದೆಯಲ್ಲಿ ನಾಟಿ ಇತ್ತು, ಕೊನೆಯವರೆಗೂ ಬಂದ ಆ ನಾಲ್ವರು ಯಾರು, ಅವರಿಗೆ ಯಾವ ಅನುಕೂಲವಿತ್ತು ಎಂಬುದು ನಿಮ್ಮ ನೆನಪಿನಲ್ಲಿ ಇದ್ದೇ ಇರುತ್ತದೆ. ಬರೆದು ಕಳುಹಿಸಿ, ಎರಡು ಪುಟ ಖಾಲಿ ಇಟ್ಟಿರುತ್ತೇನೆ.

— ಸಂಪಾದಕ